ಸಕ್ಕರೆ ಕಡಿಮೆ ಎಂದು ಕೂಗಿದ್ದಕ್ಕೆ

‘ಸ್ಯೂ ಡೈ’ ಎಂದರೆ ಸಕ್ಕರೆ ಕಡಿಮೆ. ಇಷ್ಟು ಸಣ್ಣ ಮಾತನ್ನು ನ್ಯೂಜೆರ್ಸಿಯ ಒಂದು ಕೋರ್ಟಿನಲ್ಲಿ ಬಲಗೈ ಎತ್ತಿ, ಪ್ರಮಾಣ ಮಾಡಿ ಹೇಳಬೇಕಾಗಿ ಬಂತು. ಎದುರಿಗೆ ಕುಳಿತಿದ್ದ ಆರೋಪಿಯ ಬಾಯಲ್ಲಿ ಮುಂದಿನ ಎರಡು ಹಲ್ಲು ಹೊಸದಾಗಿ ಕಟ್ಟಿಸಿದ್ದವು. ಹಳೆಯ ಹಲ್ಲು ಉದುರಿಸಿದವಳು ನಾನೇ.

ನಾನು ದಾವಣಗೆರೆಯವಳು. ಮದುವೆಯಾದ ಹೊಸದರಲ್ಲಿ ಗಂಡನ ಕೆಲಸದ ಹಿಂದೆ ಸಿಂಗಪುರಕ್ಕೆ ಹೋದೆ. ಅಲ್ಲಿ ನಮ್ಮ ಫ್ಲ್ಯಾಟಿನ ಕೆಳಗೇ ಒಂದು ಕಾಫಿ ಅಂಗಡಿ ಇತ್ತು. ಬನಿಯನ್ ತೊಟ್ಟು ಹೆಗಲ ಮೇಲೆ ಒದ್ದೆ ಟವೆಲು ಹಾಕಿಕೊಂಡ ಮುದುಕ ಅದರ ಯಜಮಾನ. ಮೊದಲ ದಿನ ನಾನು ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನಲ್ಲಿ, ಒಂದು ಕಾಫಿ ಕೊಡಿ, ಹಾಲು ಇರಲಿ, ಸಕ್ಕರೆ ದಯವಿಟ್ಟು ಸ್ವಲ್ಪ ಕಡಿಮೆ ಎಂದು ನಿಧಾನವಾಗಿ ಹೇಳುತ್ತಿದ್ದೆ. ಅವನು ಪೂರ್ತಿ ಕೇಳಲಿಲ್ಲ. ಕೈಯಲ್ಲಿದ್ದ ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿ, ನನ್ನ ತಲೆಯ ಮೇಲಿಂದ ಹಿಂದಿನವರನ್ನು ಕರೆದ. ಹಿಂದೆ ನಿಂತಿದ್ದ ಹೆಂಗಸು ನನ್ನನ್ನು ಮೊಣಕೈಯಿಂದ ತಿವಿದು, “ಕೋಪಿ ಸ್ಯೂ ಡೈ ಅನ್ನು, ಅಷ್ಟೇ” ಎಂದಳು.

ಹಾಗೆ ಕಲಿತೆ. ಬರೀ ‘ಕೋಪಿ’ ಎಂದರೆ ಡಬ್ಬಿಯ ಗಟ್ಟಿ ಸಿಹಿ ಹಾಲು ಹಾಕಿದ ಕಾಫಿ. ‘ಓ’ ಸೇರಿಸಿದರೆ ಹಾಲಿಲ್ಲ. ‘ಸಿ’ ಸೇರಿಸಿದರೆ ಸಿಹಿಯಿಲ್ಲದ ಡಬ್ಬಿ ಹಾಲು. ‘ಕೋಸೋಂಗ್’ ಅಂದರೆ ಸಕ್ಕರೆ ಸೊನ್ನೆ. ‘ಗಾವ್’ ಖಡಕ್ಕು, ‘ಪೋ’ ತೆಳು, ‘ಪೆಂಗ್’ ಐಸು. ಚಹಾಕ್ಕೆ ‘ತೇ’ ಎಂದು ಶುರುಮಾಡಿದರೆ ಮಿಕ್ಕಿದ್ದೆಲ್ಲ ಅದೇ. ಚೀನಾದ ಒಂದೆರಡು ನುಡಿ, ಮಲಯ, ಇಂಗ್ಲಿಷ್ ಎಲ್ಲ ಒಂದೇ ಲೋಟದಲ್ಲಿ. ನಮ್ಮೂರ ಹೋಟೆಲಿನಲ್ಲಿ ಮಾಣಿ “ಒಂದ್ ಸ್ಟ್ರಾಂಗ್, ಎರಡ್ ಲೈಟ್, ಒಂದ್ ಶುಗರ್‌ಲೆಸ್, ಬೈಟು” ಎಂದು ಒಳಗೆ ಕೂಗುತ್ತಿದ್ದನಲ್ಲ, ಅದೇ ರಾಗ. ಧಾರವಾಡ ಕಡೆಯವರಾದ ನನ್ನ ಗಂಡ ಮಾತ್ರ ಆ ಮುದುಕನನ್ನು ಕಂಡಾಗಲೆಲ್ಲ, “ಕಾಫಿಗೇ ಕೋಪಿ ಅಂತ ಹೆಸರಿಟ್ಟಾರ. ಮತ್ತ ಮಾರಾಂವಗ ಕೋಪ ಬರಲಾರದ ಇನ್ನೇನ್ ಬರ್ತದ?” ಎನ್ನುತ್ತಿದ್ದರು.

ಮಗಳು ಸಣ್ಣವಳಿದ್ದಾಗ ನಾವು ಅಮೆರಿಕಕ್ಕೆ ಬಂದೆವು. ನ್ಯೂಜೆರ್ಸಿಯ ಸಮರ್‌ಸೆಟ್‌ನಲ್ಲಿ ಮನೆ ಮಾಡಿದೆವು. ನಾನು ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ. ಕೆಲವು ವರ್ಷ ಕಳೆದ ಮೇಲೆ, ಹೈವೇ ಪಕ್ಕದ ಒಂದು ಸ್ಟ್ರಿಪ್ ಮಾಲಿನಲ್ಲಿ, ಉಗುರಿಗೆ ಬಣ್ಣ ಹಚ್ಚುವ ಅಂಗಡಿಗೂ ಲಾಂಡ್ರಿಗೂ ನಡುವೆ, ಸಿಂಗಪುರದ ದಂಪತಿ ಕೋಪಿ ಅಂಗಡಿ ತೆರೆದಿದ್ದಾರೆ ಎಂದು ಗೊತ್ತಾಯಿತು. ಆ ವಾಸನೆಗೆ ನಾನು ಓಡಿಹೋದೆ. ಬೆಣ್ಣೆ, ಸಕ್ಕರೆ ಹಾಕಿ ಕಪ್ಪಗೆ ಹುರಿದ ಬೀಜದ ವಾಸನೆ ಅದು. ಸುಟ್ಟ ಬೆಲ್ಲದ ಹಾಗೆ ಮೂಗಿಗೆ ಹತ್ತುತ್ತದೆ.

ಅಂಗಡಿಯ ಆಂಟಿಗೆ ಅರವತ್ತು ದಾಟಿತ್ತು. ಕಡ್ಡಿಯಂಥ ಮೈ, ಕತ್ತಿಯಂಥ ನಾಲಿಗೆ. ಸಿಂಗಪುರದವರ ರೂಢಿಯಂತೆ ಮಾತಿನ ಕೊನೆಗೊಂದು ‘ಲಾ’ ಸೇರಿಸುತ್ತಿದ್ದರು. ನಗುವುದನ್ನು ನಾನು ಕಂಡದ್ದು ಕಡಿಮೆ. ಗಿರಾಕಿಗಳು ಮೆನು ನೋಡುತ್ತ ನಿಂತರೆ ಕೌಂಟರಿನ ಮೇಲೆ ಚಮಚ ಬಡಿಯುತ್ತಿದ್ದರು. ಅವರ ಗಂಡ, ಅಂಕಲ್, ಕೌಂಟರಿನ ಆ ಕೊನೆಯಲ್ಲಿ ಗೋಡೆಯತ್ತ ಮುಖ ಮಾಡಿ ನಿಂತು, ಉದ್ದನೆಯ ಬಟ್ಟೆಯ ಚೀಲದಲ್ಲಿ ಡಿಕಾಕ್ಷನ್ ಸೋಸುತ್ತಿದ್ದರು. ಅವರಿಗೆ ಕಿವಿ ಕೇಳಿಸುತ್ತಿದ್ದುದು ಅಷ್ಟಕ್ಕಷ್ಟೇ. ಮಷೀನು ಕಿವಿಗೆ ಹಾಕಿಕೊಂಡರೆ ಬೀಜ ಬೀಸುವ ಸದ್ದಿಗೆ ತಲೆ ಸಿಡಿಯುತ್ತದೆಂದು ತೆಗೆದಿಡುತ್ತಿದ್ದರು. ಆದ್ದರಿಂದ ಆಂಟಿ ಪ್ರತಿ ಆರ್ಡರನ್ನೂ ಕಿರುಚುತ್ತಿದ್ದರು. ಒಂದು ಸಲಕ್ಕೆ ಕೇಳಿಸದಿದ್ದರೆ ಎರಡನೆಯ ಸಲ ಬೈಗುಳದ ಹಾಗೆ ಕಿರುಚುತ್ತಿದ್ದರು. ಹೊಸಬರು ಇಲ್ಲೇನೋ ಜಗಳ ನಡೆದಿದೆ ಎಂದುಕೊಂಡು ಬಾಗಿಲಿನಿಂದಲೇ ವಾಪಸ್ಸು ಹೋದದ್ದನ್ನೂ ನೋಡಿದ್ದೇನೆ.

ಫೆಬ್ರವರಿಯ ಒಂದು ಶನಿವಾರ. ಎರಡು ದಿನದ ಹಿಂದೆ ಬಿದ್ದ ಸ್ನೋ ಪಾರ್ಕಿಂಗ್ ಲಾಟಿನ ಅಂಚಿನಲ್ಲಿ ಕಪ್ಪಗೆ ಗುಡ್ಡೆಯಾಗಿತ್ತು. ಮಗಳು ಆಗ ಎಂಟನೆಯ ಗ್ರೇಡು. ಅವಳ ಮ್ಯಾಥ್ ಕ್ಲಾಸು ಮುಗಿಸಿಕೊಂಡು ಇಬ್ಬರೂ ಅಂಗಡಿಗೆ ಹೋದೆವು. ನಮಗಿಂತ ಮುಂದೆ ಒಬ್ಬ ಇದ್ದ. ನನ್ನ ವಯಸ್ಸಿನವನೇ, ದಪ್ಪ ಭುಜ, ಒಳ್ಳೆಯ ಉಣ್ಣೆಯ ಕೋಟು. ಅವನಿಗೆ ಆಂಟಿ ಮೊದಲೇ ಒಂದು ಲೋಟ ಕೊಟ್ಟಿದ್ದರು. ಕುಡಿದವನು ಮುಖ ಕಿವುಚಿ, ಇದೇನು ಸಕ್ಕರೆ ಪಾಕ, ನಾನು ಕಾಫಿ ಕೇಳಿದ್ದು ಎಂದ.

“ನೀನು ಕೋಪಿ ಅಂದೆ, ನಾನು ಕೋಪಿ ಕೊಟ್ಟೆ,” ಎಂದರು ಆಂಟಿ. “ಸಕ್ಕರೆ ಬೇಡ ಅಂತ ನೀನು ಹೇಳದಿದ್ದರೆ ನನಗೆ ಹೇಗೆ ಗೊತ್ತಾಗಬೇಕು ಲಾ? ನಾನೇನು ನಿನ್ನ ಅಮ್ಮನಾ?”

ಅವನ ಕತ್ತು ಕೆಂಪಾಯಿತು. ಬೇರೆ ಮಾಡಿಕೊಡಿ ಎಂದ. ಆಂಟಿ ಕಾಯಲು ಹೇಳಿ, ಕೈ ಬೀಸಿ ಆ ಕೊನೆಗೆ ಕಳಿಸಿದರು. ಅವನು ಹೋಗಿ ಕೌಂಟರಿನ ಆ ತುದಿಯಲ್ಲಿ, ಅಂದರೆ ಅಂಕಲ್ ಬೆನ್ನು ಹಾಕಿ ಸೋಸುತ್ತಿದ್ದ ಕಡೆಗೇ, ಫೋನ್ ನೋಡುತ್ತ ನಿಂತ.

ನಾನು ನನ್ನ ಕೋಪಿ ಸ್ಯೂ ಡೈ, ಮಗಳಿಗೆ ತೇ-ಸಿ ಹೇಳಿದೆ. ಆಂಟಿಯ ಕೈಯಲ್ಲಿ ಲೋಟ ಬೆಚ್ಚಗೆ ಮಾಡುವ ಬಿಸಿನೀರಿನ ಉದ್ದ ಮೂತಿಯ ತಗಡಿನ ಜಗ್ಗು ಇತ್ತು. ಅಂಕಲ್ ಕಡೆಗೆ ತಿರುಗಿ, ಜಗ್ಗನ್ನೇ ಎತ್ತಿ ತೋರಿಸುತ್ತ ಕೂಗಿದರು. ಬೀಸುವ ಮಷೀನು ಗರಗರ ಎನ್ನುತ್ತಿತ್ತು. ಅಂಕಲ್ ತಿರುಗಲಿಲ್ಲ. ಆಂಟಿ ಒಂದು ಹೆಜ್ಜೆ ಮುಂದಿಟ್ಟು, ಹೊಟ್ಟೆಯಿಂದ ದನಿ ತೆಗೆದು, “ಸ್ಯೂ ಡೈ! ಸ್ಯೂ ಡೈ!” ಎಂದರು. ಅವರು ಕೂಗಿದ್ದು ಗಂಡನಿಗೆ. ನಡುವೆ ನಿಂತಿದ್ದವನು ಅವನು.

ಅವನು ಫೋನಿನಿಂದ ತಲೆ ಎತ್ತಿದ. “ವಾಟ್ ಡಿಡ್ ಯು ಸೇ ಟು ಮಿ?”

ಆಂಟಿ ಅವನನ್ನು ನೋಡಲೂ ಇಲ್ಲ. ಗಂಡನ ಬೆನ್ನಿನತ್ತಲೇ ಇನ್ನೊಮ್ಮೆ ಕಿರುಚಿದರು. ಈ ಸಲ ಅಂಕಲ್ ತಿರುಗದೆಯೇ ತಲೆ ಆಡಿಸಿದರು.

ಅವನು ಕೌಂಟರಿನ ಮೇಲಿಂದ ಬಾಗಿ ಆಂಟಿಯ ತುರುಬಿಗೆ ಕೈ ಹಾಕಿದ. ನಮ್ಮ ಕಡೆ ಎಳನೀರು ಮಾರುವವನು ಗೊನೆಯಿಂದ ಕಾಯಿ ಕಿತ್ತುಕೊಳ್ಳುತ್ತಾನಲ್ಲ, ಹಾಗೆ ಒಂದೇ ಎಳೆತ. ಆಂಟಿಯ ಹಣೆ ಕಾರ್ಡ್ ಮಷೀನಿನ ಅಂಚಿಗೆ ಬಡಿಯಿತು. ಕೈಯಲ್ಲಿದ್ದ ಜಗ್ಗು ಮಗುಚಿ ಕುದಿಯುವ ನೀರು ಅವರ ಕೆನ್ನೆ, ಕತ್ತು, ಎದೆಯ ಮೇಲೆ ಸುರಿಯಿತು. ಅವರಿಂದ ಬಂದ ಸದ್ದು ಹೆಂಗಸಿನ ಕೂಗಿನಂತೆ ಇರಲಿಲ್ಲ. ಬಾಗಿಲ ಸಂದಿಗೆ ಸಿಕ್ಕ ಬೆಕ್ಕಿನ ಸದ್ದು. ಅವನು ಬಿಡಲಿಲ್ಲ. ತಲೆ ಎತ್ತಿ ಮತ್ತೆ ಕುಕ್ಕಿದ.

“ಸೇ ಇಟ್ ಅಗೇನ್! ಗೋ ಆನ್, ಟೆಲ್ ಮಿ ಐ ಡೈ! ಸೇ ಇಟ್!”

ಅವನಿಗೆ ಏನು ಕೇಳಿಸಿದೆ ಎಂಬುದು ಆಗ ನನಗೆ ಹೊಳೆಯಿತು. ‘ಯೂ ಡೈ.’ ನೀನು ಸಾಯಿ. “ಶುಗರ್!” ಎಂದು ನಾನು ಕೂಗಿಕೊಂಡೆ. “ಶುಗರ್! ಶೀ ಈಸ್ ಸೇಯಿಂಗ್ ಶುಗರ್!” ಆ ಗದ್ದಲದಲ್ಲಿ ಅದು ಹುಚ್ಚಿಯ ಮಾತಿನ ಹಾಗೆ ಕೇಳಿಸಿರಬೇಕು. ಮೂಲೆಯ ಮೇಜಿನಲ್ಲಿದ್ದ ಕಾಲೇಜು ಹುಡುಗರಿಬ್ಬರು ಗೋಡೆಗೆ ಅಂಟಿಕೊಂಡಿದ್ದರು. ಮಾರುದೂರದಲ್ಲಿ ಅಂಕಲ್ ಇನ್ನೂ ಬೆನ್ನು ಹಾಕಿ ನಿಂತಿದ್ದರು. ಚೀಲ ಎತ್ತಿ, ಡಿಕಾಕ್ಷನ್ನು ಒಂದು ಜಗ್ಗಿನಿಂದ ಇನ್ನೊಂದಕ್ಕೆ ಸುರಿಯುತ್ತಿದ್ದರು. ಹೆಂಡತಿಯ ಮುಖ ಕೌಂಟರಿಗೆ ಅಪ್ಪಳಿಸುವ ಸದ್ದು ಅವರನ್ನು ಮುಟ್ಟಿರಲಿಲ್ಲ.

ಕೌಂಟರಿನ ಮೇಲೆ ಗಟ್ಟಿ ಹಾಲಿನ ಡಬ್ಬಿಗಳನ್ನು ಗೋಪುರದ ಹಾಗೆ ಜೋಡಿಸಿಟ್ಟಿದ್ದರು. ತುಂಬಿದ ಡಬ್ಬಿ ಕೈಯಲ್ಲಿ ಹಿಡಿದರೆ ಹೊಲದ ಕಲ್ಲಿನಷ್ಟು ಭಾರ. ನಾನು ಅದನ್ನು ಯೋಚಿಸಿ ತೆಗೆದುಕೊಳ್ಳಲಿಲ್ಲ. ಕೈಗೆ ಬಂತು. ಮೊದಲ ಏಟು ಅವನ ಕಿವಿಯ ಹಿಂದೆ ಬಿತ್ತು. ಅವನು ಆಂಟಿಯನ್ನು ಬಿಟ್ಟು ನನ್ನತ್ತ ತಿರುಗಿದ. ಎರಡನೆಯದು ಬಾಯಿಗೆ. ಹಲ್ಲು ಮುರಿದದ್ದು ಡಬ್ಬಿಯ ಮೂಲಕ ನನ್ನ ಅಂಗೈಗೆ ತಿಳಿಯಿತು. ಅವನು ಕುಸಿದು ಕುಳಿತ, ಬಾಯಿಗೆ ಎರಡೂ ಕೈ ಅಡ್ಡ ಹಿಡಿದ. ನಾನು ಬಾಗಿ ಮತ್ತೆ ಹೊಡೆದೆ. ಅವನ ಬೆರಳಿಗೆ, ನೆತ್ತಿಗೆ, ಭುಜಕ್ಕೆ. ನನ್ನೊಳಗೆ ಹೆದರಿಕೆ ಇರಲಿಲ್ಲ. ಹಬ್ಬದ ದಿನ ತೆಂಗಿನಕಾಯಿ ಒಡೆಯುವಾಗ ಬರುವಂಥ ಒಂದು ಹುರುಪು ಇತ್ತು. ಎಷ್ಟು ಸಲ ಹೊಡೆದೆನೋ ನನಗೆ ತಿಳಿಯದು. “ಅಮ್ಮಾ, ಸ್ಟಾಪ್! ಅಮ್ಮಾ, ಸ್ಟಾಪ್ ಇಟ್!” ಎಂದು ಮಗಳು ನನ್ನ ಜಾಕೆಟ್ಟಿನ ಟೋಪಿ ಹಿಡಿದು ಎಳೆಯುತ್ತಿದ್ದಳು. ಕೊರಳು ಬಿಗಿದು ಉಸಿರು ಕಟ್ಟಿದಾಗಲೇ ನಾನು ನಿಂತದ್ದು.

ಅಂಕಲ್ ಆಗ ತಿರುಗಿದರು. ಕೈಯಲ್ಲಿ ನನ್ನ ಕೋಪಿ ಇತ್ತು.

ಪೊಲೀಸರು ಬೇಗನೇ ಬಂದರು. ಅವರು ಕಂಡದ್ದು, ಕೈಯಲ್ಲಿ ರಕ್ತ ಮೆತ್ತಿದ ಡಬ್ಬಿ ಹಿಡಿದು ನಿಂತ ಒಬ್ಬ ಹೆಂಗಸು, ಅವಳ ಕಾಲ ಬಳಿ ರಕ್ತ ಉಗುಳುತ್ತಿರುವ ಗಂಡಸು. ಆಂಟಿ ಕೌಂಟರಿನ ಹಿಂದೆ ನೆಲದ ಮೇಲಿದ್ದರು, ಬಾಗಿಲಿನಿಂದ ಕಾಣುತ್ತಿರಲಿಲ್ಲ. “ಡ್ರಾಪ್ ಇಟ್! ಆನ್ ದ ಗ್ರೌಂಡ್!” ಎಂದರು. ಡಬ್ಬಿ ಬಿಟ್ಟೆ. ಮಂಡಿ ಊರುವ ಮೊದಲೇ ಯಾರೋ ಹಿಂದಿನಿಂದ ಒತ್ತಿದರು. ಕೆನ್ನೆ ನೆಲಕ್ಕೆ ತಾಗಿತು. ನೆಲದ ಮೇಲೆ ಬಿಸಿನೀರು, ಚಹಾಪುಡಿ, ಒಡೆದ ಗಾಜು. ಬೆನ್ನಿನ ಮೇಲೆ ಒಂದು ಮೊಣಕಾಲು. ಕೈಗೆ ಬೇಡಿ ಬಿತ್ತು. “ದಟ್ಸ್ ಮೈ ಮಾಮ್! ಶೀ ವಾಸ್ ಹೆಲ್ಪಿಂಗ್!” ಎಂದು ಮಗಳು ಅರಚುತ್ತಿದ್ದಳು. ಅವಳನ್ನು ಇನ್ನೊಬ್ಬ ಪೊಲೀಸ್ ಸೊಂಟ ಹಿಡಿದು ಹೊರಗೆ ಒಯ್ಯುತ್ತಿದ್ದ. ಅವಳ ಕಾಲು ಗಾಳಿಯಲ್ಲಿ ಒದೆಯುತ್ತಿದ್ದವು.

ಕಾಲೇಜು ಹುಡುಗರು ಬಾಯಿ ಬಿಟ್ಟ ಮೇಲೆ, ಅಂಗಡಿಯ ಕ್ಯಾಮೆರಾ ನೋಡಿದ ಮೇಲೆ ಬೇಡಿ ಬಿಚ್ಚಿದರು. ಅಷ್ಟರಲ್ಲಿ ಆಂಟಿಯನ್ನು ಆಂಬುಲೆನ್ಸಿಗೆ ಹತ್ತಿಸಿ ಆಗಿತ್ತು. ನನಗೆ ಕಂಡದ್ದು ಸ್ಟ್ರೆಚರಿನಿಂದ ಹೊರಗೆ ಚಾಚಿದ ಒಂದು ಪಾದ, ಅದಕ್ಕೆ ಅಂಟಿಕೊಂಡಿದ್ದ ಹೂವಿನ ಚಿತ್ರದ ಸಾಕ್ಸು.

ಹೇಳಿಕೆ ಬರೆಸಿಕೊಳ್ಳಲು ನಮ್ಮಿಬ್ಬರನ್ನು ಕರೆದೊಯ್ದಿದ್ದ ಪೊಲೀಸ್ ಸ್ಟೇಷನ್ನಿಗೆ ಗಂಡ ಬಂದರು. ಮನೆಯೊಳಗೆ ಬಂದು, ಮಗಳು ಮೇಲೆ ಹೋದ ಮೇಲೆ, ಶೂ ಕೂಡ ಬಿಚ್ಚದೆ ನಿಂತು ಕೇಳಿದರು.

“ನೀ ಯಾಕ ನಡಕ ಹೋದಿ?”

“ಆಂಟಿನ ಸಾಯಿಸ್ತಾ ಇದ್ದ.”

“ಪೊಲೀಸರಿಗೆ ಫೋನ್ ಮಾಡೋದು ಬಿಟ್ಟು? ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ, ಅರೆಸ್ಟ್ ಆಗ್ಯದ ಅಂದ್ರ ಎಲ್ಲಾ ಮುಗೀತು. ಹುಡುಗಿ ಸಾಲಿ ಏನ್ ಮಾಡೋಣ? ಮನಿ ಏನ್ ಮಾಡೋಣ? ಒಂದು ಲೋಟ ಕಾಫಿ ಸಲುವಾಗಿ?”

“ಕಾಫಿ ಸಲುವಾಗಿ ಅಲ್ಲ.”

“ಮತ್ತ್ಯಾತರ ಸಲುವಾಗಿ? ಅಂವ ಬಿದ್ದ ಮ್ಯಾಲೂ ಹೊಡದಿಯಂತಲ್ಲ. ಅವ್ರು ನನಗ ವೀಡಿಯೊ ತೋರಿಸಿದ್ರು.”

ಊಟದ ಮೇಜಿನ ಮೇಲೆ ಬೆಳಗಿನ ತಟ್ಟೆಗಳಿದ್ದವು. ನಾನು ಒಂದನ್ನು ಎತ್ತಿ ಗೋಡೆಗೆ ಎಸೆದೆ. ಅದು ಗೋಡೆಯ ಪ್ಲಾಸ್ಟರ್ ಕಿತ್ತುಕೊಂಡು ಬಿತ್ತು. ಮನೆಯಲ್ಲಿ ಹಾಗೆ ನಾನು ಹಿಂದೆಂದೂ ಮಾಡಿದವಳಲ್ಲ. ಗಂಡ ನನ್ನನ್ನು ನೋಡುತ್ತ ಹಿಂದಕ್ಕೆ ಸರಿದರು. ಸರಿದು, ಬಗ್ಗಿ ಚೂರು ಆರಿಸತೊಡಗಿದರು. ಅವರ ಬೆರಳು ಕುಯ್ದು ರಕ್ತ ಬಂತು. ನಾನು ಟಿಷ್ಯೂ ಕೊಡಲು ಹೋದರೆ ಬೇಡ ಎಂದು ತಲೆ ಅಲ್ಲಾಡಿಸಿದರು.

ಸರ್ಕಾರಿ ವಕೀಲರು ವೀಡಿಯೊವನ್ನು ಮತ್ತೆ ಮತ್ತೆ ನೋಡಿ, ನನ್ನ ಮೇಲೆ ಕೇಸು ಹಾಕುವುದಿಲ್ಲ ಎಂದು ತಿಳಿಸುವ ಹೊತ್ತಿಗೆ ಮರಗಳಲ್ಲಿ ಎಲೆ ಬಂದಿತ್ತು. ಅವನ ಮೇಲೆ ಹಾಕಿದ್ದರು. ಅವನು ತಪ್ಪೊಪ್ಪಿಕೊಳ್ಳಲಿಲ್ಲ. ಆ ಹೆಂಗಸು ನನಗೆ ಕೊಲೆ ಬೆದರಿಕೆ ಹಾಕಿದಳು, ಕುದಿಯುವ ನೀರು ಎತ್ತಿ ನನ್ನತ್ತ ಬಂದಳು, ನನ್ನ ಜೀವ ಉಳಿಸಿಕೊಳ್ಳಲು ಹೊಡೆದೆ ಎಂದ. ಹಾಗಾಗಿ ವಿಚಾರಣೆ ನಡೆಯಿತು, ಅದೂ ಮುಂದಿನ ಚಳಿಗಾಲ ಬಂದ ಮೇಲೆ. ಹಾಗಾಗಿಯೇ ಸ್ಯೂ ಡೈ ಎಂದರೇನು ಎಂಬುದು ಜ್ಯೂರಿಯ ಮುಂದೆ ಬಂತು.

ಅವನ ವಕೀಲೆ ಮೆದು ದನಿಯ ಹೆಂಗಸು. ಬೂದು ಸೂಟು, ಮುತ್ತಿನ ಓಲೆ. “ಮ್ಯಾಮ್, ಅಂಗಡಿಯಲ್ಲಿ ಆಕೆ ಹೇಳಿದ ಮಾತನ್ನು ಒಮ್ಮೆ ಹೇಳುತ್ತೀರಾ?” ಎಂದಳು.

ಹೇಳಿದೆ.

“ಅಷ್ಟೇ ಮೆಲ್ಲಗೆ ಹೇಳಿದರೇ?”

“ಇಲ್ಲ.”

“ಹಾಗಾದರೆ ಅವರು ಹೇಳಿದ ಹಾಗೇ ಹೇಳಿ. ಅಷ್ಟೇ ಜೋರಾಗಿ.”

ಸರ್ಕಾರಿ ವಕೀಲ ಆಕ್ಷೇಪ ಎತ್ತಿದ. ನ್ಯಾಯಾಧೀಶರು ಒಪ್ಪಲಿಲ್ಲ. ನಾನು ಉಸಿರು ಎಳೆದುಕೊಂಡು, ಹೊಟ್ಟೆಯಿಂದ ದನಿ ತೆಗೆದು ಕೂಗಿದೆ. “ಸ್ಯೂ ಡೈ! ಸ್ಯೂ ಡೈ!”

ಮುಂದಿನ ಸಾಲಿನಲ್ಲಿದ್ದ ಜ್ಯೂರಿಯೊಬ್ಬಳು ಬೆಚ್ಚಿ ಕುರ್ಚಿಯ ಕೈ ಹಿಡಿದುಕೊಂಡಳು. ಬಾಗಿಲ ಬಳಿಯ ಪೊಲೀಸಿನವನ ಕೈ ಸೊಂಟಕ್ಕೆ ಹೋಯಿತು. ಅವನು, ಆ ಮನುಷ್ಯ, ತಲೆ ತಗ್ಗಿಸಿ ಕಣ್ಣು ಮುಚ್ಚಿಕೊಂಡ. ನನ್ನ ಕಿವಿಗೂ ಅದು ಆ ಕ್ಷಣ ಸಕ್ಕರೆಯ ಮಾತಾಗಿ ಕೇಳಿಸಲಿಲ್ಲ. “ಥ್ಯಾಂಕ್ ಯು,” ಎಂದು ವಕೀಲೆ ಕುಳಿತಳು.

ಆಮೇಲೆ ಸರ್ಕಾರಿ ವಕೀಲ ಎದ್ದು ಪ್ರತಿಯೊಂದು ಪದದ ಅರ್ಥ ಕೇಳಿದ. ಓ, ಸಿ, ಕೋಸೋಂಗ್, ಗಾವ್, ಪೋ. ನಾನು ಹೇಳುತ್ತ ಹೋದೆ. ಜ್ಯೂರಿಯವರ ಮುಖ ಸಡಿಲವಾಯಿತು. ಒಬ್ಬ ಮುದುಕ ಮುಗುಳ್ನಕ್ಕ. ಇನ್ನೊಬ್ಬಳು ತುಟಿಯಲ್ಲೇ ಕೋಸೋಂಗ್ ಎಂದು ಹೇಳಿ ನೋಡಿಕೊಂಡಳು. ಅದು ನಮ್ಮ ಕೇಸಿಗೆ ಒಳ್ಳೆಯದೇ ಎಂದು ಗೊತ್ತಿದ್ದರೂ ನನಗೆ ಮೈ ಉರಿಯಿತು. ವಕೀಲರಿಗಿಂತ ಎರಡು ಸಾಲು ಹಿಂದೆ ಆಂಟಿ ಕುಳಿತಿದ್ದರು. ತೊಡೆಯಿಂದ ಕಿತ್ತ ಚರ್ಮವನ್ನು ಕತ್ತಿಗೆ ಕಸಿ ಮಾಡಿದ್ದರು. ಒಂದು ಕಣ್ಣಿನ ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ಇವರಿಗೆ ಈ ಮಾತುಗಳು ಊಟದ ಮೇಲೆ ಸ್ನೇಹಿತರಿಗೆ ಹೇಳುವ ಕತೆಯಾಗುತ್ತಿವೆ ಅನ್ನಿಸಿತು.

ಆಂಟಿ ಸಾಕ್ಷಿ ಹೇಳಲು ಬಂದಾಗ ದುಭಾಷಿ ಬೇಡ ಎಂದರು. ಆ ಹೊತ್ತಿನಲ್ಲಿ ಏನು ಹೇಳಿದಿರಿ ಎಂಬ ಪ್ರಶ್ನೆಗೆ, “ಗಂಡನ ಜೊತೆ ಮಾತಾಡಿದೆ. ಅವನು ಕಿವುಡ. ಈ ಮನುಷ್ಯ ಅಲ್ಲಿದ್ದಾನೆ ಅನ್ನೋದೂ ನನಗೆ ಮರೆತುಹೋಗಿತ್ತು ಲಾ” ಎಂದರು. ಅವನು ಹೊಡೆದದ್ದಕ್ಕಿಂತ ಹೆಚ್ಚಾಗಿ ಆ ಮಾತೇ ಅವನಿಗೆ ತಾಗಿದಂತೆ ಕಂಡಿತು.

ಅವನೂ ಸಾಕ್ಷಿ ಹೇಳಿದ. ಹಿಂದಿನ ವರ್ಷ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ಯಾರೋ ತನ್ನ ತಮ್ಮನ ಹೊಟ್ಟೆಗೆ ಚಾಕು ಹಾಕಿದ್ದರು, ಹಾಕುವ ಮೊದಲು ‘ಯೂ ಡೈ’ ಎಂಬ ಅದೇ ಮಾತು ಹೇಳಿದ್ದರು, ಅಂದಿನಿಂದ ನಿದ್ದೆಯಿಲ್ಲ ಎಂದ. ಹೇಳುತ್ತ ಅತ್ತ. ಅಳುವಾಗ ಹೊಸ ಹಲ್ಲುಗಳು ಮಿಕ್ಕವಕ್ಕಿಂತ ಬೆಳ್ಳಗೆ ಕಾಣುತ್ತಿದ್ದವು. ಅವನಿಗೆ ಹಾಗೆ ಕೇಳಿಸಿತ್ತು ಎಂಬುದನ್ನು ನಾನು ನಂಬುತ್ತೇನೆ. ಆದರೆ ತಪ್ಪು ಕೇಳಿಸಿಕೊಂಡದ್ದು ಕಿವಿ. ಮುದುಕಿಯ ತಲೆಯನ್ನು ಎರಡನೆಯ ಸಲ ಎತ್ತಿ ಕುಕ್ಕಿದ್ದು ಕಿವಿಯಲ್ಲ.

ಜ್ಯೂರಿಯವರೂ ಹಾಗೇ ಯೋಚಿಸಿರಬೇಕು. ಬೇಕೆಂದೇ ಸುಟ್ಟ ಎಂಬ ದೊಡ್ಡ ಆರೋಪದಿಂದ ಅವನನ್ನು ಬಿಟ್ಟರು. ಹೊಡೆದು ಗಾಯಗೊಳಿಸಿದ ಆರೋಪ ನಿಂತಿತು. ಜೈಲಾಯಿತು. ತೀರ್ಪು ಓದುವಾಗ ಅಂಕಲ್ ಕಿವಿಗೆ ಮಷೀನು ಹಾಕಿಕೊಂಡಿದ್ದರು. ಆದರೂ ಆಂಟಿಯ ತೋಳು ಹಿಡಿದು, ಏನಂತೆ, ಏನಂತೆ ಎಂದು ಕೇಳುತ್ತಲೇ ಇದ್ದರು.

ತೀರ್ಪಿನ ಮರುವಾರ ಹೋಳಿಗೆ ಮಾಡಿಕೊಂಡು ಆಂಟಿಯ ಮನೆಗೆ ಹೋದೆ. ಅವರು ಬಾಗಿಲು ಅರ್ಧ ತೆರೆದರು. ಡಬ್ಬಿ ಇಸಿದುಕೊಂಡರು. ಒಳಗೆ ಕರೆಯಲಿಲ್ಲ.

“ನೀನು ಬರದಿದ್ದರೆ ಅವನು ನನ್ನನ್ನು ಮುಗಿಸುತ್ತಿದ್ದ, ಅದು ಗೊತ್ತು,” ಎಂದರು. “ಆದರೆ ಕೋರ್ಟಿನಲ್ಲಿ ಆ ವೀಡಿಯೊ ಪೂರ್ತಿ ನೋಡಿದೆ. ನೇರ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಂಗೆ ಕನಸಲ್ಲಿ ಅವನು ಬರಲ್ಲ. ನೀನು ಬರ್ತೀಯ.”

ಬಿಸಿ ಇರುವಾಗಲೇ ತಿನ್ನಿ, ತುಪ್ಪ ಹಾಕಿಕೊಳ್ಳಿ ಎಂದೆ. ಕಾರಿಗೆ ಬಂದು ಕುಳಿತು ಸ್ಟಿಯರಿಂಗಿಗೆ ಕೈಯಿಂದ ಗುದ್ದಿದೆ. ಹಾರ್ನ್ ಹೊಡೆದುಕೊಂಡಿತು. ಪಕ್ಕದ ಮನೆಯ ನಾಯಿ ಬೊಗಳಿತು.

ಅಂಗಡಿಯನ್ನು ಅವರು ಸಂಬಂಧಿಕರೊಬ್ಬರಿಗೆ ಬಿಟ್ಟುಕೊಟ್ಟರು. ಈಗ ಅಲ್ಲಿ ಗಿರಾಕಿಗಳೇ ಬೆರಳಲ್ಲಿ ಒತ್ತಿ ಆರ್ಡರ್ ಮಾಡುವ ಪರದೆ ಇದೆ. ಯಾರೂ ಕೂಗುವುದಿಲ್ಲ. ಒಂದೆರಡು ಸಲ ಹೋಗಿ ಬಂದೆ, ಬಿಟ್ಟೆ.

ಮನೆಯಲ್ಲಿ ನನಗೆ ತಡವಾಗಿ ಗೊತ್ತಾದ ಸಂಗತಿ ಒಂದಿತ್ತು. ಅಂಗಡಿಯ ಆ ಶನಿವಾರದಿಂದ ಮಗಳು ನನ್ನ ಕೈಗಳನ್ನು ನೋಡುತ್ತಿದ್ದಳು. ಒಂದು ಸಂಜೆ ಅಡುಗೆಮನೆಯಲ್ಲಿ ಅವಳು ಫ್ರಿಜ್ಜಿನ ಮುಂದೆ ನಿಂತಿದ್ದಳು. ನಾನು ಮೇಲಿನ ಕಪಾಟಿನಿಂದ ಬಾಣಲೆ ತೆಗೆಯಲು ಸಟ್ಟನೆ ಕೈ ಎತ್ತಿದೆ. ಅವಳು ಮೊಣಕೈ ಅಡ್ಡ ಹಿಡಿದು, ತಲೆ ತಗ್ಗಿಸಿ ಫ್ರಿಜ್ಜಿಗೆ ಒರಗಿಬಿಟ್ಟಳು. ಹುಟ್ಟಿದಾಗಿನಿಂದ ಒಂದು ಏಟು ತಿಂದವಳಲ್ಲ. ನಾನು ಬಾಣಲೆಯನ್ನು ಮೆಲ್ಲಗೆ ಒಲೆಯ ಮೇಲಿಟ್ಟೆ. ಅವಳು “ಸಾರಿ” ಎಂದು ಮೇಲೆ ಹೋದಳು. ಆ ‘ಸಾರಿ’ ನನ್ನನ್ನು ಕೊಂದಿತು.

ಮರುದಿನ ಸ್ಕೂಲಿಗೆ ಬಿಡಲು ಹೋಗುವಾಗ ಅವಳೇ ಕೇಳಿದಳು, “ಡಿಡ್ ಯು ವಾಂಟ್ ಟು ಕಿಲ್ ಹಿಮ್?”

ಸಿಗ್ನಲ್ ಕೆಂಪಾಗಿತ್ತು. ಇಲ್ಲ ಎನ್ನಬಹುದಿತ್ತು. ಅವಳು ಅಲ್ಲೇ ಇದ್ದವಳು, ನನ್ನ ಜಾಕೆಟ್ಟಿನ ಟೋಪಿ ಹಿಡಿದು ಎಳೆದವಳು.

“ಆ ಹೊತ್ತಿಗೆ ಹೌದು ಅನ್ನಿಸ್ತು ಪುಟ್ಟಿ. ನೀನು ಎಳೀದೆ ಇದ್ದಿದ್ರೆ ನಿಲ್ಲಿಸ್ತಿದ್ನೋ ಇಲ್ವೋ, ಗೊತ್ತಿಲ್ಲ.”

ಅವಳು ಕಿಟಕಿಯ ಹೊರಗೆ ನೋಡುತ್ತ, “ಯೂ ವರ್ ರಿಯಲಿ ಹಾರ್ಡ್ ಟು ಪುಲ್” ಎಂದಳು. ಸ್ಕೂಲು ಬಂದಾಗ, “ಓಕೆ” ಎಂದಳು. ಇಳಿದು ಹೋದಳು.

ಹೈಸ್ಕೂಲಿನ ಎರಡನೆಯ ವರ್ಷ, ಹುಡುಗಿಯರ ಕುಸ್ತಿ ಟೀಮಿಗೆ ಸೇರುತ್ತೇನೆ ಎಂದಳು. ಗಂಡ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು. “ನಮ್ಮಜ್ಜಗ ಊರಾಗ ಗರಡಿಮನಿ ಇತ್ತು. ಅಲ್ಲಿ ಹೆಣ್ಮಕ್ಕಳು ಹೊಸ್ತಿಲಾ ದಾಟೂ ಹಂಗಿರಲಿಲ್ಲ,” ಎಂದರು. ಮಗಳು, “ವೆಲ್, ದಿಸ್ ಈಸ್ ಅ ಜಿಮ್” ಎಂದಳು.

ಮೊದಲ ಪಂದ್ಯಕ್ಕೆ ಇಬ್ಬರೂ ಹೋದೆವು. ಶಾಲೆಯ ಜಿಮ್ಮಿನಲ್ಲಿ ರಬ್ಬರಿನ ವಾಸನೆ, ಬೆವರಿನ ವಾಸನೆ, ಪಾಪ್‌ಕಾರ್ನ್ ವಾಸನೆ. ಎದುರಾಳಿ ಹುಡುಗಿ ಕುಳ್ಳಿ, ಬೀಸುವ ಕಲ್ಲಿನ ಹಾಗೆ ಗಟ್ಟಿ. ಸೀಟಿ ಊದಿದೊಡನೆ ನನ್ನ ಮಗಳ ತೊಡೆಗೆ ಕೈ ಹಾಕಿ, ಎತ್ತಿ, ಬೆನ್ನಡಿಯಾಗಿ ನೆಲಕ್ಕೆ ಕೆಡವಿದಳು. ಮಗಳು ಹೊರಳಿ ಎದ್ದಳು. ಮೂಗಿನಿಂದ ರಕ್ತ. ಆಟ ನಿಲ್ಲಿಸಿ ಹತ್ತಿ ತುರುಕಿದರು. ಮತ್ತೆ ಇಳಿದಳು.

“ಸಾಕು ಅಂತ ಹೇಳಕಿಗೆ,” ಎಂದು ಗಂಡ ಮುಖ ಮುಚ್ಚಿಕೊಂಡರು.

“ನೋಡಿ,” ಎಂದೆ.

ಮಗಳು ಆ ಹುಡುಗಿಯ ಕತ್ತಿಗೆ ತೋಳು ಹಾಕಿ ಜಗ್ಗಿದಳು. ಹಲ್ಲು ಕಚ್ಚಿದ್ದಳು, ಕಣ್ಣು ಕೆಂಪಾಗಿತ್ತು. ಆ ಮುಖ ನಾನು ಹಿಂದೆ ಕಂಡದ್ದಲ್ಲ, ಆದರೂ ಪರಿಚಯದ್ದು. ರೆಫರಿ ಸೀಟಿ ಊದಿ ಕೈ ಬೀಸಿದ. ಆ ಕ್ಷಣವೇ ಅವಳು ಬಿಟ್ಟಳು. ಎರಡು ಕೈಯನ್ನೂ ಮೇಲೆತ್ತಿ ಹಿಂದೆ ಸರಿದಳು. ಮತ್ತೆ ಸೀಟಿ, ಮತ್ತೆ ಹಿಡಿತ, ಮತ್ತೆ ಸೀಟಿ. ಪ್ರತಿ ಸಲವೂ ಸೀಟಿಗೆ ಅವಳ ಕೈ ಬಿಟ್ಟುಕೊಳ್ಳುತ್ತಿತ್ತು. ನಾನು ಬೇರೇನನ್ನೂ ನೋಡಲಿಲ್ಲ, ಅದನ್ನೇ ನೋಡಿದೆ.

ಕೊನೆಗೆ ಸೋತಳು. ಆ ಹುಡುಗಿ ಇವಳ ಎರಡೂ ಭುಜಗಳನ್ನು ನೆಲಕ್ಕೆ ಒತ್ತಿ ಹಿಡಿದಳು, ರೆಫರಿ ಚಾಪೆ ತಟ್ಟಿದ. ಇಬ್ಬರೂ ಎದ್ದು ಕೈ ಕುಲುಕಿದರು. ಮಗಳು ಒಂದು ಮೂಗಿನ ಹೊಳ್ಳೆಯಲ್ಲಿ ಕೆಂಪು ಹತ್ತಿ ಇಟ್ಟುಕೊಂಡೇ ಮೆಟ್ಟಿಲು ಹತ್ತಿ ಬಂದು ನಮ್ಮಿಬ್ಬರ ನಡುವೆ ಧೊಪ್ಪನೆ ಕುಳಿತಳು. ಬೆವರಿದ ತಲೆಯನ್ನು ನನ್ನ ಭುಜದ ಮೇಲಿಟ್ಟಳು.

“ಶೀ ಈಸ್ ಸೋ ಸ್ಟ್ರಾಂಗ್, ಅಮ್ಮಾ,” ಎಂದಳು. ದನಿಯಲ್ಲಿ ಮೆಚ್ಚುಗೆ ಇತ್ತು. “ಊಟಕ್ಕೆ ಏನಿದೆ?”

“ಅನ್ನ, ತಿಳಿಸಾರು,” ಎಂದೆ.

“ಮೂಗಿಗೆ ಐಸ್ ಹಚ್ಚು ಮದ್ಲ,” ಎಂದು ಗಂಡ ಎದ್ದು, ಐಸ್ ಹುಡುಕಲು ಕೆಳಗೆ ಇಳಿದು ಹೋದರು.